ನಾಲ್ಕು ಹಂಚಿನ ಒಲೆಗೊಂದು ಕಲಂ

ಸಿಟ್ಟು ನನಗೆ ತವರಿನಿಂದ ಬಂದ ಆಸ್ತಿ. ಬೇರೇನೂ ಬರಲಿಲ್ಲ, ಅದೊಂದು ಮಾತ್ರ ಧಾರಾಳವಾಗಿ ಬಂತು. ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾಗ ವರಾಂಡದಲ್ಲಿ ನನ್ನ ಚಪ್ಪಲಿಯ ಸಪ್ಪಳ ಕೇಳಿಯೇ ಹುಡುಗರು ಪುಸ್ತಕ ತೆರೆಯುತ್ತಿದ್ದರು. ಆಮೇಲೆ ನರಗುಂದದ ಕಾಲೇಜೊಂದಕ್ಕೆ ಸೇರಿ ವಾಣಿಜ್ಯಶಾಸ್ತ್ರ ಕಲಿಸಿದೆ. ಅಲ್ಲಿಯ ಹುಡುಗರು ಮೇಡಂ ಅಂದರು, ಊರವರಿಗೆ ಮಾತ್ರ ನಾನು ಇವತ್ತಿಗೂ ಅಕ್ಕಾರ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನನಗೊಂದು ಆದೇಶ ಬಂತು. ಹೊಸ ಉದ್ಯಮಗಳಿಗೆ, ಹೊಸ ಶೋಧನೆಗಳಿಗೆ ಸರ್ಕಾರ ನೀತಿಯೊಂದನ್ನು ಬರೆಯುತ್ತಿದೆ; ಬೆಂಗಳೂರಿನಲ್ಲಿ ಕೂತವರಷ್ಟೇ ಬರೆದರೆ ಸಾಲದು, ತಾಲೂಕುಗಳ ಓದಿದ ಹುಡುಗ ಹುಡುಗಿಯರೂ ಅದಕ್ಕೆ ಕೈ ಹಾಕಬೇಕು; ರೋಣ, ನರಗುಂದ ತಾಲೂಕುಗಳಿಂದ ಅಂಥವರನ್ನು ಆರಿಸಿ ಒಂದು ವರ್ಷ ತಯಾರು ಮಾಡಿ, ಅಂತ. ಓದಿ ಮೈಯೆಲ್ಲ ಉರಿಯಿತು. ಜೋಳ ಬಿತ್ತಿ ಬೆಳೆಯಿರಿ ಅಂದರೆ ತಿಳಿಯುತ್ತದೆ, ನೀತಿ ಬರೆಯುವವರನ್ನು ಬೆಳೆಯಿರಿ ಅಂದರೆ ಹೇಗೆ? ಈಗ ಯಾರ ಬಾಯಲ್ಲಿ ನೋಡಿದರೂ ಸ್ಟಾರ್ಟಪ್. ಆಗ ನಮ್ಮ ಕಡೆ ಆ ಶಬ್ದ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಆದರೂ ಒಪ್ಪಿಕೊಂಡೆ. ಮೂವತ್ತು ವರ್ಷ ಅದೇ ಲೆಕ್ಕಶಾಸ್ತ್ರ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು.

ಕೇಂದ್ರಕ್ಕೆ ರೋಣದಲ್ಲಿ ಎರಡು ಕೋಣೆ ಸಿಕ್ಕವು. ಕೆಳಗೆ ಬೀಜ, ಗೊಬ್ಬರ, ಔಷಧದ ಅಂಗಡಿ, ಮೇಲೆ ನಾವು. ಔಷಧದ ವಾಸನೆಗೆ ಮೊದಲ ವಾರ ಎಲ್ಲರಿಗೂ ತಲೆಶೂಲೆ. ಆರಿಸಿ ಬಂದವರು ಮೂವರು. ಅವರ ಹೆಸರು ಬರೆಯುವುದಿಲ್ಲ. ಮೂವರೂ ಈಗ ದೊಡ್ಡ ಮನುಷ್ಯರಾಗಿದ್ದಾರೆ, ಇದನ್ನು ಓದಿ ಜಗಳಕ್ಕೆ ಬಂದಾರು. ಅವರವರ ಊರಿನಿಂದಲೇ ಕರೆಯುತ್ತೇನೆ.

ನರಗುಂದದವನು ಎಂಜಿನಿಯರ್. ಯಾವ ಮಾತು ಹೇಳಿದರೂ ಹಾಳೆಯ ಮೇಲೆ ಚಿತ್ರ ತೆಗೆದು ಬಾಣದ ಗುರುತು ಹಾಕುತ್ತಿದ್ದ. ಗಜೇಂದ್ರಗಡದವನು ಸೀರೆ ವ್ಯಾಪಾರದ ಮುಸ್ಲಿಂ ಮನೆಯ ಹುಡುಗ, ಮನೆಯಲ್ಲೇ ಮಗ್ಗಗಳಿದ್ದವು. ಎಂಬಿಎ ಮಾಡಿದ್ದ, ಆದರೆ ಅವನ ನಿಜವಾದ ವಿದ್ಯೆ ಎಂದರೆ ಗುರುತಿಲ್ಲದವರನ್ನೂ ಕೂಡಿಸಿಕೊಂಡು ಚಹಾ ಕುಡಿಸಿ ಮಾತು ತೆಗೆಸುವುದು. ಮೂರನೆಯವಳು ಬೆಳವಣಕಿಯ ಒಕ್ಕಲುತನದ ದೊಡ್ಡ ಮನೆಯ ಮಗಳು, ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದವಳು. ಮಾತು ಕಡಿಮೆ, ಹಟ ಜಾಸ್ತಿ. ನನಗೆ ಅವಳನ್ನು ಕಂಡರೆ ಮೊದಲ ದಿನದಿಂದಲೇ ಅಕ್ಕರೆ, ತೋರಿಸಿಕೊಳ್ಳಲಿಲ್ಲ ಅಷ್ಟೇ.

ಅವರಿಗೆ ಒಂದೇ ನಿಯಮ ಹಾಕಿದೆ. ನೀತಿಯೊಳಗೆ ಯಾವ ವಾಕ್ಯ ಬರೆದರೂ ಮೊದಲು ಅದನ್ನು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಒಯ್ದು ಹೇಳಬೇಕು. ಅಲ್ಲಿ ಕೂತವರಿಗೆ ತಿಳಿದರೆ ಇಡಬೇಕು, ತಿಳಿಯದಿದ್ದರೆ ಹರಿದು ಹಾಕಬೇಕು. ನರಗುಂದದವನು ಮಾರನೆಯ ದಿನವೇ ‘ಉದ್ಯಮಶೀಲತಾ ಪರಿಸರ ವ್ಯವಸ್ಥೆಯ ಸಬಲೀಕರಣ’ ಎಂಬ ಸಾಲು ಹಿಡಿದುಕೊಂಡು ಹೋದ. ಚಹಾದಂಗಡಿಯ ಚಾಚಾ ಕೇಟಲಿ ಕೆಳಗಿಟ್ಟು, ಭಕ್ತಿಯಿಂದ ಕೇಳಿದನಂತೆ: “ಯಾ ದೇವರ ಮಂತ್ರಪಾ ಇದು?” ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದು ಹಾಳೆ ಹರಿದು ಹಾಕಿದ. ನಾನು ನಗಲಿಲ್ಲ. ಅವನು ಊಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

ಸಂತೆಯ ದಿನಗಳಲ್ಲಿ ಅವರನ್ನು ಕಟ್ಟಿಕೊಂಡು ಊರೂರು ತಿರುಗಿದೆ. ಮೊದಮೊದಲು ಹುಡುಗರು, “ನೀವೇನರೆ ಹೊಸಾದು ಕಂಡುಹಿಡಿದೀರೇನ್ರಿ?” ಅಂತ ಕೇಳುತ್ತಿದ್ದರು. ಎಲ್ಲರದೂ ಒಂದೇ ಉತ್ತರ: “ನಮ್ಮಂಥವ್ರ ಕೈಲೆ ಅದೆಲ್ಲಾ ಎಲ್ಲಿ ಆಗ್ತೈತ್ರಿ.” ಗಜೇಂದ್ರಗಡದವನಿಗೆ ಉಪಾಯ ಹೊಳೆಯಿತು. “ಯಾವುದು ಸರಿ ಬರದ ನೀವ ತಿದ್ದಿಕೊಂಡೀರಿ, ಅದನ್ನಷ್ಟ ಹೇಳ್ರಿ” ಅಂದ. ಅಂದದ್ದೇ ತಡ, ಬಾಯಿ ಬಿಟ್ಟರು ನೋಡಿ! ಒಬ್ಬ ಬಿತ್ತುವ ಕೂರಿಗೆಯ ತಾಳು ಬದಲಿಸಿದ್ದ, ಒಬ್ಬ ಹಳೆಯ ಮೋಟಾರು ಕೂಡಿಸಿ ಮೆಣಸಿನಕಾಯಿ ತೊಟ್ಟು ಮುರಿಯುವ ಯಂತ್ರ ಹೂಡಿದ್ದ. ಆ ಸಂಜೆ ಬಸ್ಸಿನಲ್ಲಿ ಹುಡುಗರಿಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಈ ಕೆಲಸ ಒಪ್ಪಿಕೊಂಡದ್ದು ಚಲೋ ಆಯಿತು ಅಂತ ನನಗೆ ಅನಿಸಿದ್ದು ಅವತ್ತು.

ಬೆಳವಣಕಿಯವಳು ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದ ಮೇಲೆ ಮೆಲ್ಲಗೆ ಅಂದಳು: “ಅಕ್ಕಾರ, ನಮ್ಮ ವೈನಿ ಒಂದು ಒಲಿ ಮಾಡ್ಯಾಳ್ರಿ. ನೋಡಾಕ ಬರ್ತೀರೇನು?”

ವೈನಿ ಎಂದರೆ ಅವಳ ಅಣ್ಣನ ಹೆಂಡತಿ. ನಾಲ್ಕು ಮಂದಿ ಅಣ್ಣತಮ್ಮಂದಿರು ಕೂಡಿ ಬಾಳುವ ಆ ಮನೆಗೆ ಹಿರಿಯ ಸೊಸೆ. ಹಿತ್ತಲಿನಲ್ಲಿ ತಗಡಿನ ಮಾಡು, ಅದರ ಕೆಳಗೆ ಉದ್ದನೆಯ ಒಲೆ. ಒಂದೇ ಬಾಯಿ, ಮೇಲೆ ಸಾಲಾಗಿ ರೊಟ್ಟಿ ಸುಡುವ ನಾಲ್ಕು ಕಬ್ಬಿಣದ ಹಂಚು. ರೋಣದ ಕಮ್ಮಾರನ ಬಳಿ ಕೂತು ತಾನೇ ಹೇಳಿ ಹೇಳಿ ಮಾಡಿಸಿದ್ದಳು. ಜೋಳದ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಕಡಕ್ ಮಾಡಿದರೆ ತಿಂಗಳಾನುಗಟ್ಟಲೆ ಕೆಡುವುದಿಲ್ಲ. ಓಣಿಯ ಮೂವರು ಹೆಂಗಸರನ್ನು ಕೂಡಿಸಿಕೊಂಡು ಅಂಥ ರೊಟ್ಟಿ ಮಾಡಿ ಹುಬ್ಬಳ್ಳಿಯ ಹಾಸ್ಟೆಲುಗಳಿಗೆ ಕಳಿಸುತ್ತಿದ್ದಳು, ಹೊಳೆಆಲೂರಿನ ಸ್ಟೇಶನ್ನಿನಲ್ಲಿಯೂ ಮಾರಾಟವಾಗುತ್ತಿತ್ತು.

“ಒಂದ ಬಾಯಿಗೆ ಕಟಗಿ ಹಾಕಿದ್ರ ನಾಕೂ ಹಂಚು ಕಾಯ್ತಾವ್ರಿ ಅಕ್ಕಾರ” ಅಂದಳು. “ಕಡೀ ಹಂಚಿಗೆ ಝಳ ಅಷ್ಟ ಹೋಗ್ತೈತಿ. ಅದು ಸುಡೂದಿಲ್ಲ, ಒಣಗಸ್ತೈತಿ. ಮಳಿಗಾಲದಾಗ ಮಾಡು ಸೋರ್ತೈತ್ರಿ, ಅದೊಂದ ಫಜೀತಿ. ನಿಮ್ಮ ಸರ್ಕಾರದ ನೀತಿಯೊಳಗ ನನ್ನ ಒಲಿಗೂ ಒಂದಿಷ್ಟು ಜಾಗಾ ಐತೇನ್ರಿ?”

ನಗುತ್ತಲೇ ಕೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಪಕ್ಕಾ ಛಾವಣಿಯ ಒಂದು ಶೆಡ್ಡು ಸಿಕ್ಕರೆ ವರ್ಷವಿಡೀ ಒಲೆ ಉರಿಯುತ್ತದೆ, ಸಿಗದಿದ್ದರೆ ಮಳೆ ಬಂದಾಗಲೆಲ್ಲ ಮೂವರೂ ಹೆಂಗಸರು ಮನೆಗೆ.

ಬೆಂಕಿಯ ಸಂಗತಿಯೊಂದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು ಅಂತ ತಿಳಿಯಲು ಹೊಲದ ನಕಾಶೆ ಬೇಕಿಲ್ಲ, ಪಂಚರು ಬೇಕಿಲ್ಲ. ಒಲೆ ಬೇರೆ ಹೂಡಿದರೆ ಮುಗಿಯಿತು, ಮನೆ ಒಡೆಯಿತು. ಹೊಸ ಒಲೆ ಹೂಡುತ್ತೇನೆ ಅಂತ ವೈನಿ ಮೊದಲ ಸಲ ಕೇಳಿದಾಗ ಮನೆಯ ಯಜಮಾನ, ಅಂದರೆ ನಮ್ಮ ಹುಡುಗಿಯ ದೊಡ್ಡಪ್ಪ, ಎರಡು ದಿನ ಬಾಯೇ ಬಿಡಲಿಲ್ಲವಂತೆ. ಆಮೇಲೆ ಆಕೆಯೇ ದಾರಿ ಕಂಡುಕೊಂಡಳು. ದಿನಾ ಬೆಳಿಗ್ಗೆ ಅಡುಗೆಮನೆಯ ದೊಡ್ಡ ಒಲೆಯಿಂದ ಕೆಂಡ ಒಯ್ದೇ ಹಿತ್ತಲಿನ ಒಲೆ ಹಚ್ಚುವುದು. ಕಡ್ಡಿ ಗೀರುವಂತಿಲ್ಲ. ಹಾಗಾದರೆ ಅದೂ ಅದೇ ಬೆಂಕಿ, ಅದೇ ಒಲೆ. ದೊಡ್ಡಪ್ಪ ಅದಕ್ಕೆ ಹೂಂ ಅಂದಿದ್ದ, ಊರೂ ಸುಮ್ಮನಿತ್ತು.

ಬೆಂಗಳೂರಿನಿಂದ ನೀತಿಯ ಕರಡು ಬಂತು. ಹೊಸ ಉದ್ಯಮಕ್ಕೆ ಶೆಡ್ಡು, ಕರೆಂಟು, ಮಾರಾಟಕ್ಕೆ ನೆರವು, ಎಲ್ಲ ಇತ್ತು. ಜೊತೆಗೆ ಒಂದು ಕಲಂ: ಅರ್ಜಿ ಹಾಕುವವರೇ ಉದ್ಯಮದ ಒಬ್ಬರೇ ಮಾಲೀಕರಾಗಿರಬೇಕು, ಜಾಗವೂ ಅವರ ಹೆಸರಿನಲ್ಲೇ ಇರಬೇಕು. ಹೆಸರು ಕೊಡುವವರು ಎಷ್ಟು ಮಂದಿ ಇದ್ದಾರೆ ಅಂತ ತಿಳಿಯಲು ಊರುಗಳಲ್ಲಿ ಸಭೆ ಮಾಡಿ ಅಂತಲೂ ಬರೆದಿತ್ತು. ನಾನು ಆ ವಾರ ಪರೀಕ್ಷೆಯ ಕೆಲಸಕ್ಕೆ ನರಗುಂದಕ್ಕೆ ಹೋಗಬೇಕಾಯಿತು. ಮೂವರೂ ಹುರುಪಿನಿಂದ ಬೆಳವಣಕಿಯ ಸಭೆಗೆ ಹಸ್ತಪತ್ರಿಕೆ ಅಚ್ಚು ಹಾಕಿಸಿದರು. ‘ನಿಮ್ಮದೇ ಹೆಸರು, ನಿಮ್ಮದೇ ಉದ್ಯಮ’ ಅಂತ ಮೇಲೆ ದಪ್ಪ ಅಕ್ಷರ, ಕೆಳಗೆ ನರಗುಂದದವನು ಪ್ರೀತಿಯಿಂದ ಬರೆದ ವೈನಿಯ ಒಲೆಯ ಚಿತ್ರ, ನಾಲ್ಕು ಹಂಚು, ಭಗಭಗ ಉರಿ. ಚಹಾದಂಗಡಿಗೆ ಮಾತ್ರ ಒಯ್ಯಲಿಲ್ಲ. ಅದು ನೀತಿಯ ವಾಕ್ಯವಲ್ಲ, ಬರೀ ಪ್ರಚಾರ ಅಂತ ಅವರ ವಾದ. ಪಂಚಾಯಿತಿಯ ಗೋಡೆಗೆ, ಹಿಟ್ಟಿನ ಗಿರಣಿಗೆ, ಹೋಟೆಲಿಗೆ, ಎಲ್ಲ ಕಡೆ ಅಂಟಿಸಿ ಬಂದರು.

ಮೂವರೂ ಈ ಮಣ್ಣಿನಲ್ಲೇ ಹುಟ್ಟಿದವರು. ಬೆಂಗಳೂರಿನವರು ಈ ಚಿತ್ರ ಬರೆದಿದ್ದರೆ ಪಾಪ ಗೊತ್ತಿಲ್ಲ ಅನ್ನಬಹುದಿತ್ತು. ಇವರಿಗೆ ಏನಾಗಿತ್ತು? ಹಾಸ್ಟೆಲಿನ ಊಟ ಉಂಡು ಉಂಡು ಮನೆಯ ಒಲೆ ಮರೆತಿದ್ದರು, ಬೇರೇನಲ್ಲ.

ಸಭೆಯ ದಿನ ನಾನು ನರಗುಂದದಿಂದ ನೇರವಾಗಿ ಬಂದೆ, ಸಾಲಿಯ ದೊಡ್ಡ ಕೋಣೆ ತುಂಬಿತ್ತು. ಹುಡುಗರು, ಹೊಸ ಸೊಸೆಯಂದಿರು, ಎಲ್ಲರ ಹತ್ತಿರವೂ ಏನೋ ಒಂದು ಹೊಸ ಯೋಚನೆ. ಮಾತು ಬೇಕಾದಷ್ಟು ಆಡಿದರು. ಹೆಸರು ಬರೆಸಿ ಅಂದ ಕೂಡಲೇ ಎಲ್ಲರೂ ನೆಲ ನೋಡತೊಡಗಿದರು. ಒಬ್ಬರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಪಟಗ ಸುತ್ತಿದ ಹಿರಿಯರ ಗುಂಪು. ಎಲ್ಲರಿಗಿಂತ ಮುಂದೆ ದೊಡ್ಡಪ್ಪ, ಕೈಯಲ್ಲಿ ಗೋಡೆಯಿಂದ ಕಿತ್ತ ಹಸ್ತಪತ್ರಿಕೆ. ಎತ್ತರದ ಆಳು, ದನಿ ಮಾತ್ರ ಬಹಳ ಸಣ್ಣದು.

“ಅಕ್ಕಾರ, ನಮ್ಮ ಮನಿ ಒಡದೈತಿ ಅಂತ ನಮಗ ಗೊತ್ತ ಇರಲಿಲ್ರಿ. ಗ್ವಾಡಿ ಮ್ಯಾಲ ನೋಡಿ ತಿಳಕೊಂಡ್ವಿ.”

ಆತ ಹೇಳುತ್ತಾ ಹೋದ. ಮುಶಿಗೇರಿಯ ಬೀಗರು ನಿನ್ನೆಯೇ ಓಡಿ ಬಂದು ಹೊಲ ಹೆಂಗ ಹಂಚಿಕೊಂಡ್ರಿ ಅಂತ ಕೇಳಿದರಂತೆ. ಬಜಾರದಲ್ಲಿ ಮಂದಿ ಮರುಗಿದರಂತೆ. “ಊರ ಮಂದಿ ನಮ್ಮ ಮನೀ ಸಾವಿಗೆ ಬಂದಂಗ ಬಂದು ಮಾತಾಡಿಸಿ ಹೋಗಾಕತ್ತಾರ. ನಿಮಗ ಇಷ್ಟ ಬೇಕಾಗಿತ್ತೇನ್ರಿ?” ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿರಿಯರು ಹೋದರು, ಅವರ ಹಿಂದೆ ಹುಡುಗರೂ ಒಬ್ಬೊಬ್ಬರಾಗಿ ಜಾರಿದರು. ಆ ಸಂಜೆ ಮನೆಯಲ್ಲಿ ದೊಡ್ಡಪ್ಪ ವೈನಿಗೆ ಒಂದೇ ಮಾತು ಹೇಳಿದ: ನಾಳೆಯಿಂದ ಹಿತ್ತಲಿನ ಒಲೆ ಹಚ್ಚುವುದು ಬೇಡ.

ಮಾರನೆಯ ದಿನ ನಾನು ರೋಣದ ಕೋಣೆಯಲ್ಲಿ ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಕೆಳಗಿನ ಅಂಗಡಿಯವನು ಏನು ಬಿತ್ತು ಅಂತ ನೋಡಲು ಮೇಲೆ ಬಂದ. “ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡೀರಿ!” ಅಂದೆ. “ಒಂದ ಹಾಳಿ ಚಹಾದಂಗಡಿಗೆ ಒಯ್ದಿದ್ರ ಚಾಚಾ ಹೇಳತಿದ್ದ, ಇದನ್ನ ಅಂಟಸಬ್ಯಾಡ್ರಪಾ ಅಂತ. ಕಾಲು ಸೋತಿದ್ವೇನು?” ನರಗುಂದದವನು ತಲೆ ಎತ್ತಲಿಲ್ಲ. ಬೆಳವಣಕಿಯವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

“ನನ್ನ ಕೆಲಸಾನ ನಮ್ಮ ವೈನಿ ಒಲಿ ಆರಿಸ್ತ್ರಿ. ಮೂರ ಮಂದಿ ಹೆಣ್ಮಕ್ಕಳ ದುಡಿಮಿ ಹೋತು. ನಾ ಬಿಡ್ತೀನ್ರಿ ಅಕ್ಕಾರ.”

“ನೀ ಬಿಟ್ರ ಒಲಿ ಹತ್ತತೈತೇನು?”

ಬಾಗಿಲ ತನಕ ಹೋದವಳು ತಿರುಗಿದಳು.

“ಹತ್ತೂದಿದ್ರ ಬಿಡು, ನಾನ ಬಸ್ಸಿಗೆ ಕೂಡಸ್ತೀನಿ. ಇಲ್ಲಂದ್ರ ಚೀಲ ಕೆಳಗಿಡು.”

ಚೀಲ ಕೆಳಗಿಟ್ಟಳು, ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ತುಂಬಿ ಬಂತು. ಗಜೇಂದ್ರಗಡದವನು ಸದ್ದಿಲ್ಲದೆ ಹೋಗಿ ಚಹಾ ತಂದ.

ಆ ಭಾನುವಾರ ಅವಳನ್ನು ಕರೆದುಕೊಂಡು ಬೆಳವಣಕಿಯ ಮನೆಗೆ ಹೋದೆ. ಸಿಟ್ಟಿದ್ದರೂ ದೊಡ್ಡಪ್ಪ ಊಟಕ್ಕೆ ಕೂಡಿಸಿದ. ನಮ್ಮ ಕಡೆ ಜಗಳವಾಡುವುದಕ್ಕೂ ಮೊದಲು ಉಣ್ಣಬೇಕು. ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೈ ತೊಳೆದ ಮೇಲೆ ಕಟ್ಟೆಯ ಮೇಲೆ ಕೂತು ಆತನೇ ಮಾತು ತೆಗೆದ.

“ನನ್ನ ಸೊಸಿ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕಾರ. ಆಕಿ ಚಲೋ ಕೆಲಸಾನ ಮಾಡ್ಯಾಳ. ಆದ್ರ ಕಾಗದ ಅಂದ್ರ ಕಾಗದ. ನಮ್ಮ ಓಣ್ಯಾಗ ಒಬ್ರದು ಇಷ್ಟ ದೊಡ್ಡ ಮನಿ ಇತ್ತು. ಸಾಲಿ ಕಲತ ತಮ್ಮನ ಹೆಸರಿಗೆ ಒಂದ ಪಂಪ್‌ಸೆಟ್ ಮಾಡಿಸಿದ್ರು, ಕಚೇರಿಗೆ ತಿರಗಾಡಾಕ ಸಲೀಸಾಗ್ಲಿ ಅಂತ. ಮುಂದ ನೀರು ನಂದು ಅಂದ ಅವ. ಇವತ್ತು ಒಬ್ರ ಮನ್ಯಾಗ ಸತ್ರ ಇನ್ನೊಬ್ರು ಬರೂದಿಲ್ಲ.”

ಆತನ ಅಂಜಿಕೆ ಸುಳ್ಳಲ್ಲ. ಆಗ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು.

“ದೊಡ್ಡಪ್ಪಾ, ಕಾಗದದಾಗ ಮಾಲಕತ್ವ ಮನೀದ, ನಡಸಾಕಿ ಅಂತ ಅಷ್ಟ ವೈನಿ ಹೆಸರು ಬಂದ್ರ? ಮನಿ ಮಂದಿ ಎಲ್ಲಾರೂ ಸಹಿ ಮಾಡಿ, ನಾವ್ಯಾರೂ ಬ್ಯಾರೆ ಆಗಿಲ್ಲ ಅಂತ ಬರದ್ರ?”

“ಅಂಥಾ ಕಾಗದ ಎಲ್ಲೈತೆವ್ವಾ?”

“ಇಲ್ಲ. ನಾ ಬರೀತೀನಿ.”

ದೊಡ್ಡಪ್ಪ ಅವಳನ್ನು ದಿಟ್ಟಿಸಿ ನೋಡಿದ. “ನೀ ಬರದ್ರ ಸರ್ಕಾರ ಕೇಳ್ತೈತೇನು?”

“ಅದಕ್ಕ ಅಲ್ಲೇನು ನನಗ ಪಗಾರ ಕೊಡಾಕತ್ತಿದ್ದು.”

ಆತನಿಗೆ ನಗು ಬಂತು, ಮೀಸೆಯೊಳಗೇ ತಡೆದುಕೊಂಡ. “ಬರಿ ಹಂಗಾರ. ಸರ್ಕಾರ ಹೂಂ ಅಂದ್ರ ಒಲಿ ಹಚ್ಚೂಣು. ಅಲ್ಲೀತನಕ ಬ್ಯಾಡ.”

ಹೊರಡುವಾಗ ಹಿತ್ತಲಿಗೆ ಹೋದೆ. ವೈನಿ ನಾಲ್ಕೂ ಹಂಚುಗಳಿಗೆ ಎಣ್ಣೆ ಸವರಿ ಬೋರಲು ಹಾಕುತ್ತಿದ್ದಳು. “ಕಬ್ಬಿಣರಿ, ತುಕ್ಕು ಹಿಡೀತಾವು” ಅಂದಳು. “ಲಗೂ ಬರಿಯಾಕ ಹೇಳ್ರಿ ಅಕ್ಕಾರ ನಿಮ್ಮ ಹುಡುಗಿಗೆ.”

ಆ ಒಂದು ಕಲಂ ಬರೆಯಲು ನಮಗೆ ಹಿಡಿದ ಕಾಲದಲ್ಲಿ ಒಂದು ಬೆಳೆ ಬರುತ್ತಿತ್ತು. ಮೂವರೂ ಕಚ್ಚಾಡಿದ್ದು ಅಷ್ಟಿಷ್ಟಲ್ಲ. ಉದ್ಯಮ ಮುಳುಗಿದರೆ ಹೊಣೆ ಯಾರು ಅಂತ ನರಗುಂದದವನು ಬಾಣದ ಗುರುತು ಹಾಕಿ ಹಾಕಿ ಕೇಳಿದ. ಹೊಣೆಯ ಮಾತು ಆಮೇಲೆ, ಮೊದಲು ಹುಟ್ಟಲಿ ಅಂತ ಗಜೇಂದ್ರಗಡದವನು. ಅವನದೂ ಅದೇ ಕತೆಯಂತೆ. ಸೀರೆಗೆ ತಾನೇ ಹೊಸ ಅಂಚು ಕೂಡಿಸಿದ್ದ, ಮಗ್ಗ ಅಜ್ಜನ ಹೆಸರಿನಲ್ಲಿ, ತನ್ನ ಹೆಸರಿನಲ್ಲಿ ಅರ್ಜಿ ಹಾಕಿದರೆ ಮನೆಯ ಚಿಕ್ಕಪ್ಪಂದಿರೆಲ್ಲ ಮುಖ ತಿರುಗಿಸುತ್ತಾರೆ ಅಂತ ಸುಮ್ಮನಿದ್ದ. ಇಷ್ಟು ದಿನ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಬಯ್ಯಬೇಕು ಅಂತ ಬಾಯಿ ತೆರೆದ ನಾನು ಬಯ್ಯಲಿಲ್ಲ.

ಈ ಸಲ ಪ್ರತಿ ಸಾಲೂ ಚಹಾದಂಗಡಿಗೆ ಹೋಯಿತು. ಚಾಚಾ ಕೇಳಿದ, “ಮನಿ ಮಂದಿ ಎಲ್ಲಾರೂ ಅಂದ್ರ ಯಾರ್‍ಯಾರು? ದೂರದ ಮಾವನೂ ಬಂದು ನಂದೂ ಸಹಿ ಅಂದ್ರ?” ಖರೇ ಮಾತು. ಹುಡುಗಿ ಕೂತು ಪಟ್ಟು ಹಿಡಿದು ಬರೆದಳು: ಕೂಡಿದ ಮನೆಯ ವಯಸ್ಕರೆಂದರೆ ಹಿರಿಯರು, ಅವರ ಹೆಂಡಂದಿರು, ಅವರ ಗಂಡುಮಕ್ಕಳು, ಮನೆಯ ಸೊಸೆಯಂದಿರು, ಇವರೆಲ್ಲರ ಒಪ್ಪಿಗೆಯಿಂದ ಒಬ್ಬರು ಉದ್ಯಮ ನಡೆಸಬಹುದು, ಅದರಿಂದ ಮನೆ ಬೇರೆಯಾಯಿತು ಎಂದು ಯಾರೂ ಯಾವ ಕಚೇರಿಯಲ್ಲೂ ಎಣಿಸತಕ್ಕದ್ದಲ್ಲ. ಸೊಸೆಯಂದಿರ ಸಹಿಯನ್ನೂ ಸೇರಿಸಿದೆವಲ್ಲ ಅಂತ ನಾವು ನಾಲ್ವರೂ ಹಿಗ್ಗಿ ಹೀರೇಕಾಯಿ ಆದೆವು. ನಮ್ಮ ಸೀಮೆಯಲ್ಲಿ ಸೊಸೆಯ ಸಹಿ ಯಾರು ಕೇಳುತ್ತಿದ್ದರು?

ಗದಗಿನಲ್ಲಿ ಸಮಿತಿ ಕೂತಿತು. ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು. ತರಬೇತಿಯವರು ಮಾತ್ರ ಮಾತಾಡಬೇಕು, ಕಲಿಸಿದವರು ಬಾಯಿ ಹಾಕಬಾರದು ಅಂತ ಕಟ್ಟಪ್ಪಣೆ. ನಾನು ಹಿಂದಿನ ಕುರ್ಚಿಯಲ್ಲಿ ನಾಲಿಗೆ ಕಚ್ಚಿಕೊಂಡು ಕೂತೆ. ಸಮಿತಿಯ ಗಂಡಸರು ನಿದ್ದೆಗಣ್ಣಿನಲ್ಲಿ ಹಾಳೆ ತಿರುವುವುದನ್ನು ನೋಡಿ ಕೈ ತುರಿಸುತ್ತಿತ್ತು.

ಅಧಿಕಾರಿ ಕನ್ನಡಕ ತೆಗೆದು ಅಂದರು, “ನೋಡಮ್ಮ, ನೀತಿ ಇರುವುದು ಉದ್ಯಮಿಗೆ. ಮನೆತನಕ್ಕಲ್ಲ. ಸ್ವಂತ ಹೆಸರು ಹಾಕುವ ಧೈರ್ಯ ಇಲ್ಲದವರು ಉದ್ಯಮ ಹೇಗೆ ಮಾಡುತ್ತಾರೆ?”

ನನ್ನ ಹುಡುಗಿ ನೀರು ಕುಡಿದಳು. ಆಮೇಲೆ ಊರಿನ ಮಾತಿನಲ್ಲೇ ಶುರು ಮಾಡಿದಳು.

“ಧೈರ್ಯಾ ಐತ್ರಿ ಸಾಹೇಬ್ರ. ನಮ್ಮ ವೈನಿ ಯಾರೂ ಮಾಡದಂಥಾ ಒಲಿ ಮಾಡ್ಯಾಳ, ಮೂರ ಮಂದಿಗೆ ಕೆಲಸಾ ಕೊಟ್ಟಾಳ. ನಿಮ್ಮ ಕಲಂ ಓದಿ ನಾವ ಆ ಒಲಿ ಆರಿಸಿಬಿಟ್ವಿ. ಮೊದ್ಲ ಮನಿ ಬಿಡು, ಆಮ್ಯಾಲ ಬಾ ಅನ್ನೋ ನೀತಿಗೆ ಮನಿ ಇಲ್ಲದವರಷ್ಟ ಬರ್ತಾರ್ರಿ. ಹೊಸಾದು ಮಾಡಾವ್ರು ನಮ್ಮ ಕಡೆ ಭಾಳ ಮಂದಿ ಅದಾರ. ಅವರಿಗೆ ಮನೀನೂ ಬೇಕು, ಕೆಲಸಾನೂ ಬೇಕು. ಎರಡೂ ಕೂಡೂದಿಲ್ಲ ಅಂತ ಯಾಕ ಬರೀಬೇಕ್ರಿ?”

ಗಜೇಂದ್ರಗಡದವನು ಎದ್ದು ತನ್ನ ಸೀರೆಯ ಅಂಚಿನ ಕತೆ ಹೇಳಿದ. ನರಗುಂದದವನು ಹೊಣೆಯ ಚಿತ್ರ ತೋರಿಸಿದ, ಉದ್ಯಮದ ಹೊಣೆ ನಡೆಸುವವರದ್ದು, ಮನೆಯ ಹೊಲಕ್ಕೆ ಅದು ತಾಗುವುದಿಲ್ಲ ಅಂತ. ಬಾಣಗಳು ಅವತ್ತು ಕೆಲಸಕ್ಕೆ ಬಂದವು. ಅಧಿಕಾರಿಗಳು ತಮ್ಮೊಳಗೇ ಬಹಳ ಹೊತ್ತು ಮಾತಾಡಿಕೊಂಡರು. ಕೊನೆಗೆ ತೀರ್ಮಾನ ಇಷ್ಟು: ಇಡೀ ರಾಜ್ಯದ ನೀತಿಗೆ ಇದನ್ನು ಈಗಲೇ ಸೇರಿಸಲಾಗದು. ರೋಣ, ನರಗುಂದ ತಾಲೂಕುಗಳಲ್ಲಿ ಒಂದು ವರ್ಷ ನಡೆಸಿ ನೋಡೋಣ. ಸರಿ ಹೋದರೆ ಮುಂದೆ ಎಲ್ಲ ಕಡೆ. ಕರಡಿನ ಮೇಲೆ ಹಾಗೆಂದು ಬರೆದು ಸಹಿ ಹಾಕಿ ಕೊಟ್ಟರು.

ಬಸ್ಸಿನಲ್ಲಿ ನಾನು ಅವಳಿಗೆ ಬುದ್ಧಿ ಹೇಳಿದೆ. “ಸರ್ಕಾರ ಹೂಂ ಅಂತು ಅನ್ನು, ಸಾಕು. ಒಂದು ವರ್ಷ, ಎರಡು ತಾಲೂಕು, ಆ ವಿಚಾರೆಲ್ಲಾ ನಿಮ್ಮ ದೊಡ್ಡಪ್ಪಗ ಯಾಕ?”

“ಇಲ್ರಿ ಅಕ್ಕಾರ. ಇದ್ದದ್ದ ಇದ್ದಂಗ ಹೇಳ್ತೀನಿ.”

“ಆತ ಒಲ್ಲೆ ಅಂದ್ರ?”

“ಅಂದ್ರ ಅನ್ಲಿ. ಸುಳ್ಳ ಹೇಳಿ ಹಚ್ಚಿದ ಒಲಿ ಎಷ್ಟ ದಿನ ಉರೀತೈತ್ರಿ?”

ನನಗೇ ಪಾಠ ಹೇಳುತ್ತಾಳೆ, ನೋಡಿ! ಉಳಿದ ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ಕೂತೆ, ಒಳಗೊಳಗೇ ಹೆಮ್ಮೆಯಿಂದ ಎದೆ ಬಿರಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಬೆಳವಣಕಿ ಮುಟ್ಟಿದೆವು. ಮನೆಮಂದಿಯೆಲ್ಲ ಪಡಸಾಲೆಯಲ್ಲಿದ್ದರು. ವೈನಿ ಅಡುಗೆಮನೆಯ ಬಾಗಿಲಲ್ಲಿ, ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಹುಡುಗಿ ಒಂದನ್ನೂ ಮುಚ್ಚಿಡದೆ ಹೇಳಿದಳು, ಪೂರ್ತಿ ಒಪ್ಪಿಲ್ಲ, ಒಂದು ವರ್ಷ ನೋಡುತ್ತಾರೆ, ಆಮೇಲೆ ಏನಾಗುತ್ತದೋ ಗೊತ್ತಿಲ್ಲ ಅಂತ. ದೊಡ್ಡಪ್ಪ ಗೋಡೆ ನೋಡುತ್ತ ಕೂತ.

“ಹೊಸಾ ಬೀಜಾನೂ ಮೊದ್ಲ ಒಂದ ವರ್ಷ ಹೊಲದ ಮೂಲ್ಯಾಗ ಬಿತ್ತಿ ನೋಡ್ತೀವಿ” ಅಂದ ಕೊನೆಗೆ. “ಸರ್ಕಾರದವ್ರೂ ಅಷ್ಟ ಮಾಡಾಕತ್ತಾರ. ತಪ್ಪೇನಿಲ್ಲ. ಓದು, ಎಲ್ಲಾರೂ ಕೇಳ್ಲಿ.”

ಅವಳು ನಿಂತುಕೊಂಡು ಕಲಂ ಓದಿದಳು, ಅದರ ಪ್ರಕಾರ ಬರೆದು ತಂದಿದ್ದ ಮನೆಯ ಒಪ್ಪಿಗೆಪತ್ರವನ್ನೂ ಓದಿದಳು. ಒಂದು ಶಬ್ದಕ್ಕೂ ಯಾರೂ ಅರ್ಥ ಕೇಳಲಿಲ್ಲ. ಆಮೇಲೆ ಸಹಿ ಶುರುವಾಯಿತು. ದೊಡ್ಡಪ್ಪನದು ಮೊದಲು, ಆಮೇಲೆ ತಮ್ಮಂದಿರದು. ದೊಡ್ಡವ್ವ ಹೆಬ್ಬೆರಳು ಒತ್ತಿ, ಬೆರಳಿನ ಮಸಿಯನ್ನು ಎಲ್ಲರಿಗೂ ತೋರಿಸಿ ನಕ್ಕಳು. ಗಂಡುಮಕ್ಕಳು ಹಾಕಿದರು, ಸೊಸೆಯಂದಿರು ಒಬ್ಬೊಬ್ಬರಾಗಿ ಬಂದು ನಾಚುತ್ತ ಹಾಕಿದರು. ವೈನಿ ‘ನಡೆಸುವವರು’ ಅಂತ ಇದ್ದಲ್ಲಿ ತನ್ನ ಹೆಸರನ್ನು ಸಾಲಿಯ ಹುಡುಗಿಯ ಹಾಗೆ ದುಂಡಗೆ ಬರೆದಳು.

“ಎಲ್ಲಾರದೂ ಆತೇನು?” ದೊಡ್ಡಪ್ಪ ಕೇಳಿದ.

“ಆತು” ಅಂದಳು ಹುಡುಗಿ, ಹಾಳೆ ಮಡಚುತ್ತ.

“ನಿಂದು?”

“ನಂದು ಬರೂದಿಲ್ಲ ದೊಡ್ಡಪ್ಪಾ. ಮನಿ ಮಗಳ ಸಹಿಗೆ ಇದರಾಗ ಜಾಗಾ ಇಲ್ಲ. ಹಿರೇರು, ಗಂಡಮಕ್ಕಳು, ಸೊಸೆಂದಿರು, ಇಷ್ಟ ಮಂದಿ.”

“ಯಾರ್ ಬರದಾರ ಇದನ್ನ?”

ಹುಡುಗಿ ಮಡಚಿದ ಹಾಳೆ ಬಿಚ್ಚಿ ಆ ಸಾಲನ್ನು ಮತ್ತೆ ಓದಿದಳು. ಅಷ್ಟು ದಿನ ಆ ಸಾಲನ್ನು ತಿದ್ದಿ ತೀಡಿದವರು ನಾವು, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು.

“ನಾನ” ಅಂದಳು ಕೊನೆಗೆ.

“ಒಬ್ಬಾಕಿನ್ನ ಬಿಟ್ರೂ ಒಡದಂಗ ಆತಲ್ಲವಾ. ಈ ಮನಿ ಕೂಡಿಟ್ಟಾಕಿ ನೀನು, ಮನಿ ಮಂದ್ಯಾಗ ನೀ ಇಲ್ಲೇನು? ಕೆಳಗ ಗೆರಿ ಹೊಡಿ, ಹಾಕು ಸಹಿ. ನಾಳಿ ಗದಗಿಗೆ ಬರದ ಕಳಸು, ಹೆಣ್ಮಕ್ಕಳನ್ನ ಬಿಟ್ಟಿದ್ವಿ, ಸೇರಿಸ್ರಿ ಅಂತ.”

ಅವಳು ನೆಲಕ್ಕೆ ಕೂತು ಹಾಳೆಯನ್ನು ಮೊಳಕಾಲ ಮೇಲಿಟ್ಟುಕೊಂಡು ಗೆರೆ ಎಳೆದಳು. ಗೆರೆ ಸೊಟ್ಟಾಯಿತು. ಅದರ ಮೇಲೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲ ಪೂರ್ತಿ ಬರೆದಳು. ಕಣ್ಣೀರು ಮಸಿಯ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡಿದ್ದಳು. ದೊಡ್ಡಪ್ಪ ಹಾಳೆ ಇಸಿದುಕೊಂಡು, ಓದು ಬಾರದಿದ್ದರೂ, ಆ ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದ.

“ಈಗ ಹಚ್ಚರಿ ಒಲಿ” ಅಂದ.

ವೈನಿ ಅಷ್ಟರಲ್ಲಾಗಲೇ ಹಿತ್ತಲಿಗೆ ಓಡಿದ್ದಳು.